ಸುಣ್ಣದ ಗೆರೆಯ ಸಾಕ್ಷಿ

ಮಿಲ್ಲಿನ ಫುಟ್‌ಬಾಲ್ ಮೈದಾನಕ್ಕೆ ನಾನೆಳೆದ ಸುಣ್ಣದ ಗೆರೆ ನೋಡಿಯೇ ವಿಮಾನಗಳು ದಾರಿ ಹಿಡೀತಿದ್ದವು, ಸುಳ್ಳಲ್ಲ. ಆ ವರ್ಷ ನಮ್ಮ ತಂಡ ಎಲ್ಲ ಪಂದ್ಯ ಸೋತಿತ್ತು. ಮಿಲ್ಲುಗಳೆಲ್ಲ ಸೇರಿ ಹೊಸ ಆಟಗಾರರನ್ನು ಆರಿಸಿಕೊಳ್ಳೋವಾಗ ಸೋತವರಿಗೇ ಮೊದಲ ಸರದಿ.

"ಮೊದಲು ಗೋಲ್‌ಕೀಪರ್‌ನ ತಗೋತೀನಿ. ಸೌರಪ್ಪನ್ನ ಕೆಲಸದಿಂದಲೇ ತೆಗೀತೀನಿ," ಅಂದರು ಮ್ಯಾನೇಜರು.

ಪಾಪ, ಸೌರಪ್ಪ ಗೋಲು ಕಾದೇ ಮಕ್ಕಳನ್ನು ಸಾಕುತ್ತಿದ್ದ.

"ಸ್ವಾಮಿ, ನನ್ನ ಗೆರೆ ನೋಡಿ ಬನ್ನಿ," ಅಂದೆ.

ಅರ್ಧ ಆಟಕ್ಕೆ ಕಡೆ ಬದಲಾಯಿಸ್ತೀವಲ್ಲ, ಎರಡೂ ತುದಿಯಲ್ಲಿ ನಮ್ಮ ಗೋಲಿನ ಎಡಗಡೆ ಎದುರಾಳಿಗಳು ಓಡಿ ಓಡಿ ಗೆರೆ ಅಳಿಸಿ ಎತ್ತಿನಗಾಡಿ ದಾರಿಯೇ ಆಗಿತ್ತು. ಬಲಗಡೆ ಮೊಲ ಮೇಯುತ್ತಿತ್ತು.

"ಎಡಗಡೆ ತಡೆಯೋನು ಯಾವನಯ್ಯಾ?"

"ತಮ್ಮ ಭಾವಮೈದನೋರು, ಸ್ವಾಮಿ."

ಮ್ಯಾನೇಜರು ಟೋಪಿ ತೆಗೆದು ಗಾಳಿ ಬೀಸಿಕೊಂಡರು. "ಸರಿ, ಎಡಗಡೆ ತಡೆಯೋಕೆ ಹೊಸಬನನ್ನೇ ಮೊದಲು ತಗೊಳ್ಳೋಣ. ಮನೇಲಿ ಅವಳಿಗೆ ಏನು ಹೇಳಲಿ?"

"ನಿನ್ನ ತಮ್ಮನಿಗೆ ತಂಡದ ಸಲಹೆಗಾರನಾಗಿ ಬಡ್ತಿ ಕೊಟ್ಟೆ ಅನ್ನಿ."

ಮುಂದಿನ ವರ್ಷ ಚೆಂಡೇ ಹತ್ತಿರ ಬಾರದೆ ಸೌರಪ್ಪ ಗೋಲಿನಲ್ಲಿ ನಿಂತೇ ನಿದ್ದೆ ಮಾಡಿದ.