ಫೋಟೋಕ್ಕಷ್ಟೇ ತೆರೆದ ಬಾಗಿಲು

ಹೊಳೆದಂಡೆಯ ಮಠಕ್ಕೆ ಕುಮುದಿನಿ ಬಂದಾಗ ಅವಳ ಮುಖ ಕೆಂಡವಾಗಿತ್ತು. ಅವಳ ಗುರು ನಿರ್ವಾಣಯ್ಯಜ್ಜಾರು ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ಅಜ್ಜಾರ, ಅವರಿಗೆ ಮಾನ ಮರ್ಯಾದಿ ಅನ್ನೋದು ಐತೇನ್ರಿ?"

"ಯಾರಿಗವ್ವಾ?"

ಯಾರಿಗೆ ಅಂದರೆ, ಕಡಲಾಚೆಯ ದೊಡ್ಡ ವಿದ್ಯಾಪೀಠದವರಿಗೆ. ಜಗತ್ತು ಯಾವ ರೋಗಕ್ಕೆ ಹಣ ಸುರಿಯುತ್ತದೆ, ಯಾವುದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದರ ಹಿಂದಿನ ರಾಜಕೀಯವೇನು ಎಂದು ಓದುವ ಹೊಸ ವಿದ್ವಾಂಸರಿಗೆ ಅವರದೊಂದು ಫೆಲೋಶಿಪ್. ಊರು ಬಿಡಬೇಕಾಗಿಲ್ಲ, ಎಲ್ಲ ಲ್ಯಾಪ್‌ಟಾಪಿನಲ್ಲೇ. ಕುಮುದಿನಿಗೂ ಸಿಕ್ಕಿತ್ತು. ಹಾವು ಕಡಿತದ ಔಷಧಿ ಬಡವರ ಊರಿಗೆ ಯಾಕೆ ಬರುವುದಿಲ್ಲ ಎಂಬುದೇ ಅವಳ ವಿಷಯ.

ಅದೇನು ಅವಳು ಹುಡುಕಿಕೊಂಡು ಹೋದ ವಿಷಯವಲ್ಲ. ಹೋದ ಮಳೆಗಾಲದಲ್ಲಿ ಹಾವು ಕಡಿದು, ಆಸ್ಪತ್ರೆಯಲ್ಲಿ ಔಷಧಿ ಇಲ್ಲವೆಂದು ದೋಣಿಯಲ್ಲಿ ವಾಪಸು ತಂದ ಅಂಬಿಗರ ಹುಡುಗಿ ರುಕ್ಮವ್ವ ಇದೇ ಕಟ್ಟೆಯ ಮೇಲೆ ಜೀವ ಬಿಟ್ಟಿದ್ದಳು.

"ಇವತ್ತು ಸಭೆ ಇತ್ರಿ. ಮುಂದಿನ ವರ್ಷ ಯಾವ ಔಷಧಿ ಸಲುವಾಗಿ ಸರ್ಕಾರಗಳ ಮ್ಯಾಲೆ ಒತ್ತಡ ತರಬೇಕು ಅಂತ ತೀರ್ಮಾನ ಮಾಡೋ ಸಭೆ. ನಾನೂ ಮಾತಾಡೋದಿತ್ತು. 'ಸ್ವಲ್ಪ ತಡೀರಿ, ಒಳಗ ಕರೀತೇವಿ' ಅಂತ ತೆರೆ ಮ್ಯಾಲೆ ಬಂತು. ಕೂತೆ. ಕೂತೇ ಇದ್ದೆ. ನಮ್ಮೂರ ಸಾವಿನ ಮಾತು ತಾವು ಒಳಗ ಆಡಿ, ನನ್ನನ್ನ ಹೊರಗ ಕುಂದರಿಸಿದ್ರು."

"ಕರೀಲೇ ಇಲ್ಲೇನು?"

"ಕರದ್ರು. ಎಲ್ಲಾ ಮುಗದ ಮ್ಯಾಲೆ. ಯಾತಕ್ಕ ಅಂದ್ರ, ಗ್ರೂಪ್ ಫೋಟೋಕ್ಕ."

ಅಜ್ಜಾರು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟರು.

"ಥೂ," ಅಂದರು.

ಅಜ್ಜಾರ ಬಾಯಲ್ಲಿ ಅಂಥ ಶಬ್ದ ಅವಳು ಕೇಳಿಯೇ ಇರಲಿಲ್ಲ. ಎಷ್ಟೋ ಸಮಾಧಾನವಾಯಿತು.

"ತೋರಿಸು ಫೋಟೋ."

ಫೋನು ಹಿಡಿದಳು. ಸಾಲು ಸಾಲು ಮುಖಗಳು. ಅಜ್ಜಾರು ಕಣ್ಣ ಹತ್ತಿರ ತಂದು ನೋಡಿದರು.

"ಎಲ್ಲಾರಿಗಿಂತ ನೀನ ಚಂದ ನಕ್ಕೀ."

"ಇನ್ನೇನು ಮಾಡ್ಲಿ ಅಜ್ಜಾರ? ನಗ್ರಿ ಅಂದ್ರು, ನಕ್ಕೆ."

"ಆವಾಗ ನೀ ಮಾತಾಡಿದ್ರ ಅವರಿಗೆ ಕೇಳ್ತಿತ್ತೇನು?"

ಕುಮುದಿನಿ ತಡವರಿಸಿದಳು. "ಕೇಳ್ತಿತ್ರಿ."

"ಏನಂದಿ?"

"ಥ್ಯಾಂಕ್ಯೂ ಅಂದೆ."

ಹೊಳೆಯಲ್ಲಿ ರುಕ್ಮವ್ವನ ಅಪ್ಪ ದೋಣಿ ನೀರಿಗೆ ದೂಡುತ್ತಿದ್ದ. ಕುಮುದಿನಿಗೆ ಆ ಕಡೆ ನೋಡಲಾಗಲಿಲ್ಲ.

"ಒಂದು ಗಳಿಗಿ ಅಷ್ಟ ಅಜ್ಜಾರ. ಫೋಟೋ ತೆಗೆಯೋ ಅಷ್ಟು ಹೊತ್ತು. ಅಷ್ಟರಾಗ ನಾ ಏನು ಹೇಳಾಕಾಗತಿತ್ತು?"

ಅಜ್ಜಾರು ರುಕ್ಮವ್ವ ಮಲಗಿದ್ದ ಕಲ್ಲನ್ನು ಅಂಗೈಯಿಂದ ಒರೆಸಿದರು.

"ಹಾವಿಗೆ ಅಷ್ಟು ಹೊತ್ತೂ ಬೇಕಾಗಿರಲಿಲ್ಲವ್ವಾ."