ಬೂದಿಬಡಕನ ಬಂಡೆ

‘ಬೂದಿಬಡಕನ ಬಂಡೆ ಹತ್ತಿದೆವು, ಬಿಸಿಲಿಗೆ ಕಪ್ಪು ಸೂಜಿಗಳು ಮಿಂಚುತ್ತಿದ್ದವು’ ಎಂದು ನನ್ನ ಹಳೆಯ ದಿನಚರಿಯಲ್ಲಿ ೧೯೬೮ರ ಫೆಬ್ರುವರಿ ಹನ್ನೊಂದರಂದು ಬರೆದಿದೆ. ಸೀಗೆಹೊಸೂರಿನ ಪೂರ್ವಕ್ಕಿರುವ ಈ ಗುಡ್ಡದಲ್ಲಿ ಬೆಳ್ಳನೆಯ ಹಾಸುಗಲ್ಲೊಂದು ನೆಟ್ಟಗೆ ನಿಂತಿದೆ. ಅದರ ಮೈತುಂಬ ಕಾಡಿಗೆಯಲ್ಲಿ ಎಳೆದಂಥ ಗೀರುಗಳು. ಅದು ಟೂರ್ಮಲಿನ್ ಎಂಬ ಖನಿಜ. ನೆಲದಾಳದಲ್ಲಿ ಕರಗಿದ್ದ ಗ್ರಾನೈಟು ನಿಧಾನವಾಗಿ ಆರಿ ಗಟ್ಟಿಯಾಗುವಾಗ, ಕೊನೆಗೆ ಉಳಿದ ನೀರು, ಬೋರಾನ್ ಬೆರೆತ ಬಿಸಿರಸ ಬಿರುಕುಗಳಿಗೆ ನುಗ್ಗಿ, ಅಲ್ಲೇ ಸೂಜಿಸೂಜಿಯಾಗಿ ಹರಳುಗಟ್ಟುತ್ತದೆ. ಕಾಲೇಜಿನಲ್ಲಿ ಕಲಿತದ್ದು ಇಷ್ಟು. ಊರವರು ಹೇಳುವುದು ಇನ್ನೂ ಸೊಗಸಾಗಿದೆ.

ಹಿಂದೆ ಒಮ್ಮೆ ಇಲ್ಲಿನ ಪಾಳೆಯಗಾರ ತನ್ನ ಬಚ್ಚಲಿಗೆ ಕಲೆಯಿಲ್ಲದ ಬಿಳಿ ಹಾಸುಗಲ್ಲು ಬೇಕೆಂದು ಕಲ್ಲೊಡೆಯುವ ಬೋವಿ ಮನೆತನಕ್ಕೆ ಹೇಳಿಕಳಿಸಿದನಂತೆ. ಕಲ್ಲು ಒಪ್ಪಿಗೆಯಾಗದಿದ್ದರೆ ಗುಡ್ಡ ಬೇರೆಯವರ ಪಾಲು. ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಪದರ ಎದ್ದ ಮೇಲೆ ಮೀಟಿ ತೆಗೆಯುವುದು ಅವರ ಪದ್ಧತಿ. ಅಂದು ಉರಿ ನೋಡಿಕೊಂಡವಳು ಹೊಸ ಸೊಸೆ ಸುಂಕಲಮ್ಮ. ಪದರವನ್ನು ಮಗುಚಿದರೆ ಒಳಮೈ ತುಂಬ ಕಪ್ಪು ಗೀರು! ಅತ್ತೆ ದುರ್ಗವ್ವ ಹಣೆ ಚಚ್ಚಿಕೊಂಡಳು.

“ನಿನ್ನ ಕೈಗೆ ಸೌದೆ ಕೊಟ್ಟದ್ದೇ ತಪ್ಪಾಯ್ತು ಕಣೇ! ಒಳಗೂ ಮಸಿ ಹಿಡಿಸಿಬಿಟ್ಟೆಯಲ್ಲ. ಉಜ್ಜು!”

ತನ್ನಿಂದ ಗುಡ್ಡವೇ ಹೋಗುತ್ತದಲ್ಲ ಎಂದು ಸುಂಕಲಮ್ಮ ಅವಸರದಿಂದ ಬೂದಿ ಬಾಚಿಕೊಂಡಳು. ತಂಬಿಗೆ ಬೆಳಗುವ ಹಾಗೆ ಒಣಬೂದಿ ಚೆಲ್ಲಿ, ತೆಂಗಿನ ನಾರು ಹಿಡಿದು ಕೂತಳು. ಕಲ್ಲಿನ ಕಾವು ಇನ್ನೂ ಇಳಿಯುತ್ತಿತ್ತು. ಬೂದಿ ಹೋಗಿ ಹೋಗಿ ಆ ಗೀರುಗಳಿಗೇ ಅಂಟಿತು. ಒರೆಸಿದರೆ ಮತ್ತೆ ಅಂಟಿತು. ಕಾದ ಟೂರ್ಮಲಿನ್ ಆರುವಾಗ ಅದರಲ್ಲಿ ವಿದ್ಯುತ್ತು ಹುಟ್ಟಿ ಬೂದಿಯನ್ನು ಸೆಳೆಯುತ್ತದೆಂದು ಆಕೆಗೇನು ಗೊತ್ತು? ಅಷ್ಟರಲ್ಲಿ ಪಾಳೆಯಗಾರನೇ ಬಂದ.

“ಏನವ್ವ ಇದು? ಬಿಳಿ ಕಲ್ಲು ಕೇಳಿದರೆ ಸೀದ ರೊಟ್ಟಿ ತೆಗೆದಿದ್ದೀಯ?”

“ಸೀದದ್ದಲ್ಲ ಬುದ್ಧಿ, ನೀವೇ ನೋಡಿ,” ಎಂದು ಸುಂಕಲಮ್ಮ ಇನ್ನೊಂದು ಹಿಡಿ ಬೂದಿ ಊದಿದಳು. “ಮೈಗೆಲ್ಲ ತಾನೇ ಬೂದಿ ಬಡ್ಕೊಳ್ಳೋನು ಯಾರು? ನಮ್ಮ ಬೂದಿಬಡಕ ಶಿವನೇ! ತಮ್ಮ ಬಚ್ಚಲಿಗೆ ಹಾಸಿ ಅಂದ್ರೆ ಹಾಸ್ತೀವಿ.”

ಪಾಳೆಯಗಾರ ಮೆಟ್ಟು ಕಳಚಿ ಕೈಮುಗಿದನಂತೆ. ದುರ್ಗವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು ಎನ್ನುತ್ತಾರೆ. ಕಲ್ಲನ್ನು ಅಲ್ಲೇ ನಿಲ್ಲಿಸಿ ಪೂಜೆ ಮಾಡಿದರು. ಗುಡ್ಡ ಮನೆತನಕ್ಕೇ ಉಳಿಯಿತು.

ಆದರೆ ಶಿವ ಕಾಣಿಸಿಕೊಂಡ ಬಂಡೆಗೆ ಉಳಿ ಮುಟ್ಟಿಸುವುದು ಹೇಗೆ? ಒಳ್ಳೆಯ ಕಲ್ಲೆಲ್ಲ ಇರುವ ಆ ಮಗ್ಗುಲಿನಲ್ಲಿ ಇಂದಿಗೂ ಒಂದು ಉಳಿಯ ಗುರುತಿಲ್ಲ; ಹೋದವರು ನೋಡಬಹುದು. ಸುಂಕಲಮ್ಮನ ವಂಶದವರು ಮಾತ್ರ ತಮ್ಮ ಮನೆಯ ಹೊಸ್ತಿಲಿಗೂ ಪಕ್ಕದೂರಿನಿಂದ ಗಾಡಿಯಲ್ಲಿ ಕಲ್ಲು ತರಿಸುತ್ತಾರೆ.