ಉಪ್ಪಿಲ್ಲದ ಹನಿ

ಆ ಬೆಳಿಗ್ಗೆ ದುರುಗೇಶನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹೊಳೆದಂಡೆಯ ಆಶ್ರಮದಲ್ಲಿ ಫಕೀರಯ್ಯ ಅಜ್ಜಾರು ಪೂಜೆಯ ಜೊತೆಗೆ ಇನ್ನೊಂದು ಕಾಯಕ ಇಟ್ಟುಕೊಂಡಿದ್ದರು. ಅವಧಿ ಮುಗಿದ ಸಣ್ಣ ಗ್ಯಾಸ್ ಸಿಲಿಂಡರುಗಳನ್ನು ಪರೀಕ್ಷಿಸಿ, ಗಟ್ಟಿಯಿದ್ದರೆ ಹೊಸ ತಾರೀಕಿನ ಮುದ್ರೆ ಒತ್ತುವುದು. ಅದಕ್ಕೆ ಪರವಾನಗಿಯೂ ಇತ್ತು. ಎರಡು ವರ್ಷ ಶಿಷ್ಯ ದುರುಗೇಶ ಸಿಲಿಂಡರಿಗೆ ನೀರು ತುಂಬಿ ಒತ್ತಡದ ಪಂಪು ಹೊಡೆದಿದ್ದ, ಎಲ್ಲಾದರೂ ಸೋರುತ್ತದೆಯೇ ಎಂದು ಅಜ್ಜಾರು ನೋಡಿದ್ದರು.

ಇವತ್ತು ಅಜ್ಜಾರು ಅಂದಿದ್ದರು, "ಇದೊಂದನ್ನ ನೀನ ನೋಡು. ಮುಂದಿಂದು ಆಮ್ಯಾಲೆ ಹೇಳ್ತೀನಿ."

ಅದು ದೋಣಿಕಟ್ಟೆಯಲ್ಲಿ ಮಿರ್ಚಿ ಕರಿಯುವ ಹುಲಿಗೆವ್ವನ ಸಿಲಿಂಡರು. ಅವಳಿಗಿದ್ದದ್ದು ಅದೊಂದೇ. ಅಮಾವಾಸ್ಯೆಯ ಜನ ಆಗಲೇ ಹೊಳೆಗೆ ಇಳಿಯುತ್ತಿತ್ತು, ಅವಳು ಬಾಗಿಲಲ್ಲೇ ಕಾಯುತ್ತ ಕೂತಿದ್ದಳು.

ದುರುಗೇಶ ಉಳಿದ ಗ್ಯಾಸು ತೆಗೆದ. ವಾಲ್ವ್ ಬಿಚ್ಚಿದ. ಬೋರಲು ಹಾಕಿ ತಳದ ಬಳೆಯ ತುಕ್ಕನ್ನು ಕೆರೆದು ನೋಡಿದ. ತಗ್ಗಿಲ್ಲ, ಸೀಳಿಲ್ಲ! ನೀರು ತುಂಬಿ, ಸಿಲಿಂಡರಿನ ಮೈ ಒಣಗುವಂತೆ ಒರೆಸಿ, ಪಂಪು ಹೊಡೆದ.

ಒತ್ತಡ ತೋರಿಸುವ ಮುಳ್ಳು ಏರಿತು. ಏರಿ ನಿಂತಿತು.

"ನಿಂತೈತಿ ಅಜ್ಜಾರ! ಅಲ್ಲಾಡವಲ್ದು!"

ಅಷ್ಟರಲ್ಲಿ ಬೆಸುಗೆಯ ಗೆರೆಯ ಮೇಲೆ ಒಂದು ಹನಿ ಕಂಡಿತು. ದುರುಗೇಶ ಟವೆಲ್ಲಿನಿಂದ ಒರೆಸಿಬಿಟ್ಟ.

"ಏನದು?"

"ನನ್ನ ಬೆವರು, ಅಜ್ಜಾರ. ಖುಷಿಗೆ ಸುರೀಲಿಕ್ಕತ್ತೈತಿ."

ಸುಳ್ಳಲ್ಲ. ಅವನ ಗದ್ದದಿಂದ ಬೆವರು ತೊಟ್ಟಿಕ್ಕುತ್ತಲೇ ಇತ್ತು.

ಹನಿ ಅದೇ ಜಾಗದಲ್ಲಿ ಮತ್ತೆ ಬಂತು.

"ಬೆರಳಿಲೆ ತಗೊಂಡು ನೆಕ್ಕು," ಅಂದರು ಅಜ್ಜಾರು.

ಅವನು ನಾಲಿಗೆಗೆ ಇಟ್ಟುಕೊಂಡ. ಮುಖ ಸಣ್ಣದಾಯಿತು.

"ಉಪ್ಪಿಲ್ಲ, ಅಜ್ಜಾರ. ಒಳಗಿನ ನೀರು."

ಹುಲಿಗೆವ್ವ ಎದ್ದು ಬಂದಳು. "ಒಂದ್ ಹನಿಗೆ ಇಷ್ಟ್ಯಾಕೋ ತಮ್ಮಾ? ಮುದ್ರಿ ಒತ್ತಿ ಕೊಡು, ಮಂದಿ ಬಂದೈತಿ!"

ದುರುಗೇಶ ಗುರುವಿನ ಮುಖ ನೋಡಿದ. ಅಜ್ಜಾರು ಹೊಳೆ ನೋಡುತ್ತಿದ್ದರು. ಬೇಕಾದಾಗಲೇ ಅವರಿಗೆ ಹೊಳೆ ಕಾಣುವುದು!

ದುರುಗೇಶನಿಗೆ ಅಳು ಬಂತು. ಆದರೂ ಹೇಳಿದ.

"ಒತ್ತಂಗಿಲ್ಲ, ಯವ್ವಾ. ಇವತ್ತು ನೀರು ಬಂತು, ನಾಳೆ ಗ್ಯಾಸ್ ಬರತೈತಿ. ಒಲಿ ಮುಂದ ಕುಂದ್ರಾಕಿ ನೀನು."

ಒತ್ತಡ ಇಳಿಸಿ, ನೀರು ಚೆಲ್ಲಿ, ಇನ್ನು ಯಾರೂ ಗ್ಯಾಸು ತುಂಬದಂತೆ ಗರಗಸದಿಂದ ಅದನ್ನು ಎರಡು ಹೋಳು ಮಾಡಿದ. ಹುಲಿಗೆವ್ವ ಅಷ್ಟು ಹೊತ್ತೂ ಬೈದಳು. ಅವನು ಆಶ್ರಮದ ಅಡುಗೆಮನೆಗೆ ಓಡಿ, ಅಲ್ಲಿದ್ದ, ಪರೀಕ್ಷೆಯಲ್ಲಿ ಪಾಸಾದ ಸಿಲಿಂಡರನ್ನು ತಂದು ಅವಳ ಕೈಗಿಟ್ಟ. ಆಶ್ರಮಕ್ಕೆ ಮಧ್ಯಾಹ್ನ ಬರೀ ಅವಲಕ್ಕಿ ಎಂದಾಯಿತು.

ಅವಳು ಬೈಯುತ್ತಲೇ ಹೊತ್ತುಕೊಂಡು ಓಡಿದಳು.

ದುರುಗೇಶ ಗರಗಸ ಎತ್ತಿಟ್ಟ. "ಒರೆಸಿಬಿಟ್ಟಿದ್ದೆ, ಅಜ್ಜಾರ! ಮುದ್ರಿ ಒತ್ತೋ ಆಸೆಗೆ ಕಣ್ಣು ಕಾಣಲಿಲ್ಲ. ಇನ್ನ ಮ್ಯಾಲ ನೋಡೋ ಕೆಲಸ ನನಗ ಬ್ಯಾಡ್ರಿ."

ಅಜ್ಜಾರು ಕಾವಿಯ ಅಂಚನ್ನು ಮೇಲೆ ಸಿಕ್ಕಿಸಿಕೊಂಡರು. ಎದ್ದು ಹೋಗಿ ಪಂಪಿನ ಹಿಡಿಗೆ ಕೈ ಹಾಕಿದರು.

"ಮುಂದಿನ ಸಿಲಿಂಡರ್ ತಗೊಂಡು ಬಾ. ಪಂಪು ನಾ ಹೊಡೀತೀನಿ. ನೋಡಾಂವ ನೀನು."